ಹೊಳೆಮ್ಮ ಊದಿದ ಉಸಿರು

ನೆಗಡಿಯನ್ನು ನಮ್ಮೂರಲ್ಲಿ ಯಾರೂ ರೋಗವೆಂದು ಲೆಕ್ಕಕ್ಕೆ ಹಿಡಿಯುವುದಿಲ್ಲ. ಮೂಗು ಸೋರುತ್ತಿದ್ದರೂ ಮದುವೆಗೆ ಹೋಗುತ್ತಾರೆ, ಅಂಗಡಿ ತೆರೆಯುತ್ತಾರೆ, ಮಕ್ಕಳಿಗೆ ಬ್ಯಾಗು ಹಾಕಿ ಶಾಲೆಗೆ ದಬ್ಬುತ್ತಾರೆ. ನಾನು ಹೊಸಪೇಟೆಯ ಚಿತ್ತವಾಡ್ಗಿಯಲ್ಲಿ ಎಲ್‌ಕೆಜಿ ಮಕ್ಕಳಿಗೆ ಪಾಠ ಹೇಳುವವಳು. ಮಳೆ ಹಿಂದೆ ಸರಿದು ಚಳಿ ಕಾಲಿಡುವ ಹೊತ್ತಿಗೆ ನನ್ನ ತರಗತಿಯಲ್ಲಿ ಅಕ್ಷರಕ್ಕಿಂತ ಸಿಂಬಳವೇ ಹೆಚ್ಚು. ಕೆಮ್ಮುವ ಮಗುವನ್ನು ಎರಡು ದಿನ ಮನೆಯಲ್ಲಿಟ್ಟುಕೊಳ್ಳಿ ಎಂದರೆ ದೊಡ್ಡವರು ನನ್ನನ್ನೇ ಮೈಗಳ್ಳಿ ಎಂಬಂತೆ ನೋಡುತ್ತಾರೆ. ಆ ನೋಟ ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಮೊದಲು ಹೀಗಿರಲಿಲ್ಲ, ನಗುತ್ತಿದ್ದೆ. ಹೊಳೆಮ್ಮನ ಮನೆಯಲ್ಲಿ ನಡೆದದ್ದನ್ನು ಕಂಡ ಮೇಲೆ ನಗು ಬರುವುದಿಲ್ಲ.

ಹೊಳೆಮ್ಮ ನನ್ನ ಪಕ್ಕದ ಮನೆಯವಳು. ವಯಸ್ಸು ಅರವತ್ತರ ಆಸುಪಾಸು, ಗಟ್ಟಿ ಮೈ, ಅದಕ್ಕಿಂತ ಗಟ್ಟಿ ಬಾಯಿ. ಹುಟ್ಟಿದ್ದು ಕಂಪ್ಲಿ ಕಡೆಯ ಒಂದು ಹಳ್ಳಿಯಲ್ಲಿ. ಗಂಡ ಸಂಡೂರಿನ ಅದಿರು ಲಾರಿಗಳಲ್ಲಿ ಕ್ಲೀನರ್ ಆಗಿದ್ದ. ಲಾರಿ ಉರುಳಿ ಅವನು ಹೋದಾಗ ಮಗಳು ಸುಕನ್ಯಾ ಇನ್ನೂ ಅಂಬೆಗಾಲಿಡುತ್ತಿದ್ದಳಂತೆ. ಆಗ ಹೊಳೆಮ್ಮ ತನ್ನ ಅತ್ತೆಯ ಕಸುಬನ್ನೇ ಹಿಡಿದಳು. ಬಾಣಂತಿಯರಿಗೂ ಹಸುಗೂಸುಗಳಿಗೂ ಎಣ್ಣೆ ಹಚ್ಚಿ ನೀರೆರೆಯುವ ಕಸುಬು ಅದು. ಬೆಳಗಾದರೆ ಈ ಮನೆ, ಆ ಮನೆ. ಚಿತ್ತವಾಡ್ಗಿಯಿಂದ ಕಡ್ಡಿರಾಂಪುರದವರೆಗೆ ಅವಳನ್ನು ಆಟೋ ಕಳಿಸಿ ಕರೆಸಿಕೊಳ್ಳುವವರಿದ್ದರು.

ಅವಳು ಕೂಸಿಗೆ ಎರೆಯುವುದನ್ನು ನೋಡಲು ಚೆಂದ. ಬಚ್ಚಲಲ್ಲಿ ಮಣೆಯ ಮೇಲೆ ಕೂತು, ಸೀರೆ ಮೇಲೆತ್ತಿ, ಕಾಲು ಚಾಚಿ, ಕಾಲಿನ ಮೇಲೆ ಕೂಸನ್ನು ಬೋರಲು ಮಲಗಿಸುತ್ತಿದ್ದಳು. ಬೆನ್ನು, ತೊಡೆ, ಅಂಗಾಲು ಎಲ್ಲ ತಿಕ್ಕಿ, ಆಮೇಲೆ ಅಂಗಾತ ಮಾಡಿ ನೆತ್ತಿಗೆ ಎಣ್ಣೆ ಒತ್ತಿ, ಮೂಗು ತಿದ್ದಿ, ಹಬೆಯಾಡುವ ನೀರು ಸುರಿಯುವಳು. ಕೂಸು ಕಿರುಚಿ ಓಣಿ ಎಬ್ಬಿಸಿದರೂ ಇವಳಿಗೆ ಕಿವಿ ಕೇಳಿಸದು. ಎಲ್ಲ ಮುಗಿದ ಮೇಲೆ ಕೊನೆಯದೊಂದು ಕೆಲಸ. ಕೂಸಿನ ಮುಖವನ್ನು ಹತ್ತಿರ ತಂದು, ಅದರ ಪುಟ್ಟ ಮೂಗಿಗೆ ತನ್ನ ಬಾಯಿ ಹಚ್ಚಿ, ಒಂದೊಂದು ಹೊಳ್ಳೆಗೂ ಫೂ ಎಂದು ಊದುತ್ತಿದ್ದಳು. ಒಳಗಿನ ನೀರು, ಗೊಣ್ಣೆ ಎಲ್ಲ ಹೊರಬಿದ್ದು ಕೂಸಿಗೆ ಉಸಿರು ಸಲೀಸಾಗುತ್ತದೆ ಎನ್ನುವ ನಂಬಿಕೆ. ಅದಾದ ಮೇಲೆ ಕೆಂಡಕ್ಕೆ ಲೋಬಾನ ಹಾಕಿ ಹೊಗೆ ಹಿಡಿದು, ಬಟ್ಟೆಯಲ್ಲಿ ಸುತ್ತಿ ತಾಯಿಯ ಮಡಿಲಿಗೆ ಹಾಕಿದರೆ ಕೂಸು ಮಧ್ಯಾಹ್ನದವರೆಗೆ ಏಳುತ್ತಿರಲಿಲ್ಲ. ಎರೆಯುವ ಹೆಂಗಸರು ಊರಲ್ಲಿ ಬೇರೆಯವರೂ ಇದ್ದರು. ಆದರೆ ಊದುವುದರಲ್ಲಿ ಹೊಳೆಮ್ಮನನ್ನು ಮೀರಿಸುವವರಿಲ್ಲ ಎಂದು ಅವಳ ಹೆಸರು.

"ದೇವ್ರು ಕೂಸಿನ ಒಳಗ ಉಸಿರಿಟ್ಟು ಕಳಸ್ತಾನ್ರಿ ಟೀಚರ್, ಅದರ ದಾರಿ ಬಿಡಸಾಕಿ ನಾನು," ಎಂದು ಎದೆ ತಟ್ಟಿಕೊಂಡು ಹೇಳುತ್ತಿದ್ದಳು. ತೋರಣಗಲ್ಲಿನ ಉಕ್ಕಿನ ಕಂಪನಿಯ ಬಸ್ಸಿಗೆ ಕಾಯುತ್ತ ನಿಂತ ಮೀಸೆ ಹೊತ್ತ ಹುಡುಗರನ್ನು ಕಂಡರೂ ಬಿಡುತ್ತಿರಲಿಲ್ಲ. "ಲೇ, ಭಾಳ ಸ್ಟೈಲ್ ಮಾಡಬ್ಯಾಡ. ನಿನ್ನ ಆ ಮೂಗು ತಿದ್ದಿದಾಕಿ ನಾನದೀನಿ!" ಹುಡುಗರು ನಾಚಿ ಮೂಗು ಮುಟ್ಟಿಕೊಳ್ಳುತ್ತಿದ್ದರು.

ಕಳೆದ ವರ್ಷ ದಸರಾ ಕಳೆದ ಮೇಲೆ ಹೊಳೆಮ್ಮನಿಗೆ ಎರಡೇ ಮನೆಯ ಕೆಲಸ. ಒಂದು, ಅಕ್ಕಿ ಗಿರಣಿಯ ಮರುಳಸಿದ್ದಮ್ಮನವರ ಮನೆ. ಅವರ ಸೊಸೆ ಸುನಿತಾಗೆ ಗಂಡು ಮಗುವಾಗಿತ್ತು. ಮೊದಲನೆಯವಳು ಸ್ಫೂರ್ತಿ, ನನ್ನ ಎಲ್‌ಕೆಜಿ ಹುಡುಗಿ. ಅವಳು ಹುಟ್ಟಿದಾಗ ಮುಖ ಗಂಟು ಹಾಕಿಕೊಂಡಿದ್ದ ಅಜ್ಜಿ, ಈ ಗಂಡು ಕೂಸಿನ ಕಾಲು ನೆಲಕ್ಕೆ ತಾಗದ ಹಾಗೆ ನೋಡಿಕೊಳ್ಳುತ್ತಿದ್ದರು. ಎರಡನೆಯದು ಹೊಳೆಮ್ಮನ ಸ್ವಂತ ಮನೆ. ಸುಕನ್ಯಾ ಚೊಚ್ಚಲ ಬಾಣಂತನಕ್ಕೆ ತಾಯಿಯ ಮನೆಗೆ ಬಂದಿದ್ದಳು. ಅವಳ ಗಂಡ ರಾಯಣ್ಣ ತೋರಣಗಲ್ಲಿನಲ್ಲಿ ಗುತ್ತಿಗೆ ಕೆಲಸಗಾರ, ರಜೆ ಸಿಕ್ಕಾಗ ಮಾತ್ರ ಬಂದು ಹೋಗುವವನು. ಅವರಿಗೆ ಹುಟ್ಟಿದ್ದು ಹೆಣ್ಣು, ಅದೂ ದಿನ ತುಂಬುವ ಮೊದಲೇ. ಅಂಗೈಯಗಲದ ಕೂಸು. ಹೊಳೆಮ್ಮ ಬೆಳಗ್ಗೆ ಗಿರಣಿಯವರ ಮನೆಗೆ ಹೋಗಿ ಎರೆದು ಬಂದು, ಆಮೇಲೆ ಮೊಮ್ಮಗಳನ್ನು ಕಾಲ ಮೇಲೆ ಹಾಕಿಕೊಳ್ಳುತ್ತಿದ್ದಳು. ಊರ ಕೂಸುಗಳಿಗೆಲ್ಲ ಮಾಡಿದ್ದನ್ನು ಇದಕ್ಕೂ ಮಾಡುತ್ತಿದ್ದಳು, ಇನ್ನಷ್ಟು ಅಕ್ಕರೆಯಿಂದ ಮಾಡುತ್ತಿದ್ದಳು, ಅಷ್ಟೇ.

ಆ ವಾರ ಸ್ಫೂರ್ತಿಗೆ ನೆಗಡಿ ಹತ್ತಿತು. ಮೊದಲು ಮೂಗು, ಆಮೇಲೆ ಕೆಮ್ಮು. ತರಗತಿಯಲ್ಲಿ ಅವಳೊಬ್ಬಳೇ ಅಲ್ಲ, ಅರ್ಧ ಸಾಲು ಹಾಗೇ ಇತ್ತು. ನಾನು ಅವಳ ಕೈ ಹಿಡಿದು ಮನೆಗೆ ಬಿಟ್ಟು ಬಂದೆ. ಬಾಗಿಲಲ್ಲೇ ಮರುಳಸಿದ್ದಮ್ಮ ನಿಂತಿದ್ದರು.

"ಮನ್ಯಾಗ ಹಸುಗೂಸು ಐತ್ರಿ. ಇಕಿನ್ನ ಸ್ವಲ್ಪ ದೂರ ಇಟ್ಟು, ಎರಡು ದಿನ ಶಾಲಿ ಬಿಡಸ್ರಿ ಅಮ್ಮಾರ," ಎಂದೆ.

"ನೆಗಡಿಗೆ ಯಾರರ ಶಾಲಿ ಬಿಡಸ್ತಾರೇನ್ರಿ ಟೀಚರ್? ಮನ್ಯಾಗಿದ್ರ ಇಕಿ ಕೂಸಿನ ಹಂತೇಲಿಂದ ಏಳಂಗೇ ಇಲ್ಲ. ನಾಳಿಗೆ ಮತ್ತ ಕಳಸ್ತೀವಿ."

ಮರುದಿನ ಕಳಿಸಿಯೂ ಬಿಟ್ಟರು. ಶಾಲೆಯಿಂದ ಹೋದವಳೇ ಸ್ಫೂರ್ತಿ ತಮ್ಮನ ಕೆನ್ನೆಗೆ ಮುತ್ತು ಕೊಡುತ್ತಿದ್ದಳು, ಅವನ ಮುಷ್ಟಿಯೊಳಗೆ ಬೆರಳಿಡುತ್ತಿದ್ದಳು. ಬೆಳಗ್ಗೆ ಹೊಳೆಮ್ಮ ಎರೆಯುವಾಗ ಬಚ್ಚಲ ಹೊಸ್ತಿಲಲ್ಲಿ ಕೂತು ಅವಳ ಮುಖಕ್ಕೇ ಸೀನುತ್ತಿದ್ದಳಂತೆ. ಹೊಳೆಮ್ಮ ಬೈಯುತ್ತ, ಸೆರಗಿನಿಂದ ಆ ಹುಡುಗಿಯ ಮೂಗೊರೆಸಿ, ಅದೇ ಕೈಯಲ್ಲಿ ಮತ್ತೆ ಎಣ್ಣೆ ತೆಗೆದುಕೊಳ್ಳುತ್ತಿದ್ದಳು. ಇದನ್ನೆಲ್ಲ ಅವಳೇ ನನಗೆ ನಗುನಗುತ್ತ ಹೇಳಿದ್ದು. ಆ ಹುಡುಗಿಯ ತುಂಟಾಟ ಅವಳಿಗೆ ಬಹಳ ಇಷ್ಟ.

ಕೆಲವು ದಿನ ಕಳೆದು ಹೊಳೆಮ್ಮನ ಗಂಟಲು ಕಟ್ಟಿತು, ಕಣ್ಣು ಕೆಂಪಾಯಿತು. ಒಲೆ ಮುಂದೆ ಕೂತು ಸೊರಸೊರ ಎನ್ನುತ್ತಿದ್ದವಳಿಗೆ ನಾನು, "ಎರಡು ದಿನ ಮಲಕೊಳ್ಳಕ್ಕ," ಎಂದೆ. ಅವಳು ನನ್ನನ್ನು ಎಳೆ ಹುಡುಗಿಯನ್ನು ನೋಡಿದ ಹಾಗೆ ನೋಡಿದಳು. "ಎಣ್ಣಿ ಹಚ್ಚಾಕ ಕೈ ಬೇಕ್ರಿ ಟೀಚರ್, ಮೂಗು ಬೇಕಾಗಂಗಿಲ್ಲ." ನಾನೂ ನಕ್ಕೆ. ನೆಗಡಿ ತಾನೇ ಎಂದುಕೊಂಡಿದ್ದೆವು.

ಅಷ್ಟರಲ್ಲಿ ಗಿರಣಿಯವರ ಕೂಸಿಗೂ ಮೂಗು ಕಟ್ಟಿತ್ತು. "ಕೂಸು ಹಾಲು ಎಳಿಯವಲ್ದು, ಮೂಗು ಗಟ್ಟಿ ಐತಿ. ಚಲೋತ್ನಾಗ ಊದು," ಎಂದು ಮರುಳಸಿದ್ದಮ್ಮನೇ ಹೇಳಿದರು. ಹೊಳೆಮ್ಮ ಊದಿದಳು. ಮನೆಗೆ ಬಂದು ಮೊಮ್ಮಗಳಿಗೂ ಊದಿದಳು. ಈ ಕೂಸಿಗೆ ಆಗ ಏನೂ ಆಗಿರಲಿಲ್ಲ. ದಿನವೂ ಮಾಡುವ ಕೆಲಸ, ಆ ದಿನವೂ ಮಾಡಿದಳು.

ಗಿರಣಿಯವರ ಕೂಸಿಗೆ ಎರಡು ದಿನದಲ್ಲಿ ಜೋರಾಯಿತು. ಉಸಿರು ಗುಯ್‌ಗುಡತೊಡಗಿತು, ಹಾಲು ಪೂರ್ತಿ ಬಿಟ್ಟಿತು. ಮಗ ಬಸವಕುಮಾರ್ ಕಾರಿನಲ್ಲಿ ಹಾಕಿಕೊಂಡು ಖಾಸಗಿ ಆಸ್ಪತ್ರೆಗೆ ಓಡಿದ. ಅಲ್ಲಿ ಪರೀಕ್ಷೆ ಮಾಡಿ, ಇದು ಆರ್‌ಎಸ್‌ವಿ ಅನ್ನುವ ವೈರಸ್ಸು, ಮನೆಯಲ್ಲಿ ಯಾರಿಗೋ ನೆಗಡಿ ಇದ್ದಿರಬೇಕು, ಅವರಿಂದ ಬಂದಿದೆ ಎಂದರಂತೆ. ಯಾರಿಗೆ ಎನ್ನುವುದು ಮರುಳಸಿದ್ದಮ್ಮನವರಿಗೆ ಕೇಳಬೇಕಾಗಿಯೇ ಇರಲಿಲ್ಲ. ಮರುದಿನ ಬೆಳಗ್ಗೆ ಹೊಳೆಮ್ಮನ ಮನೆ ಮುಂದೆ ಬಂದು ನಿಂತರು.

"ನಿನ್ನ ಬಾಯಾಗಿನ ರೋಗ ನನ್ನ ಕೂಸಿನ ಎದಿಗೆ ಊದೀಯಲ್ಲ! ಹಂಗ ಮೂಗು ಸೋರಾಕತ್ತಿದ್ರ ಸುಮ್ನ ಮನ್ಯಾಗ ಇರಬಾರದಿತ್ತ? ನನ್ನ ಮೊಮ್ಮಗಗ ಏನರ ಆದ್ರ ಈ ಓಣ್ಯಾಗ ನಿನಗ ಒಂದು ಬಾಗಿಲಾನೂ ತೆರಿಯಂಗಿಲ್ಲ, ತಿಳ್ಕ!"

ಓಣಿಯ ಬಾಗಿಲುಗಳೆಲ್ಲ ತೆರೆದುಕೊಂಡವು. ಮಾತಿಗೆ ಮಾತು ಕೊಡುವ ಹೊಳೆಮ್ಮ ಆ ದಿನ ಬಾಯಿ ಬಿಡಲಿಲ್ಲ. ಹೆದರಿದ್ದಳು ಎಂದು ಎಲ್ಲರೂ ತಿಳಿದರು. ನನಗೂ ಹಾಗೇ ಅನ್ನಿಸಿತು. ನಾನೇ ಮುಂದೆ ಹೋಗಿ, "ಮೊದಲು ನೆಗಡಿ ಬಂದಿದ್ದು ಸ್ಫೂರ್ತಿಗೆ ಅಲ್ಲೇನ್ರಿ ಅಮ್ಮಾರ? ನಾ ಬಂದು ಹೇಳಿದ್ನಲ್ಲ?" ಎಂದೆ. ಅವರು ನನ್ನ ಕಡೆ ತಿರುಗಿಯೂ ನೋಡದೆ ಹೊರಟುಹೋದರು.

ಹೊಳೆಮ್ಮ ಯಾಕೆ ಸುಮ್ಮನಿದ್ದಳು ಎನ್ನುವುದು ಒಳಗೆ ಹೋದ ಮೇಲೆ ತಿಳಿಯಿತು. ತೊಟ್ಟಿಲಲ್ಲಿ ಮೊಮ್ಮಗಳು ಕೆಮ್ಮುತ್ತಿತ್ತು. ಹಿಂದಿನ ದಿನವೇ ಶುರುವಾಗಿತ್ತಂತೆ. ಅಷ್ಟು ಚಿಕ್ಕ ಕೂಸಿನ ಕೆಮ್ಮಿಗೆ ಸದ್ದೂ ಇರಲಿಲ್ಲ, ಮೈ ಮಾತ್ರ ಅಲುಗುತ್ತಿತ್ತು. ಮರುಳಸಿದ್ದಮ್ಮ ಕೂಗಾಡಿದ ಮಾತು ಅವರ ಮನೆಯ ಮಟ್ಟಿಗೆ ಸುಳ್ಳು. ಈ ಮನೆಯಲ್ಲಿ ಅದು ನಿಜವಾಗಿತ್ತು. ಅದು ಹೊಳೆಮ್ಮನಿಗೆ ಆ ಕ್ಷಣದಲ್ಲೇ ಹೊಳೆದಿತ್ತು ಎಂದು ಕಾಣುತ್ತದೆ. ಬಾಗಿಲ ಸಂದಿಯಲ್ಲಿ ನಿಂತು ಸುಕನ್ಯಾ ಕೂಡ ಎಲ್ಲವನ್ನೂ ಕೇಳಿಸಿಕೊಂಡಿದ್ದಳು.

ಮರುದಿನ ಸಂಜೆ ನಾನು ಶಾಲೆಯಿಂದ ಬಂದಾಗ ಅವರ ಮನೆಯ ಸಂದಿಗಳಿಂದ ದಟ್ಟ ಹೊಗೆ ಬರುತ್ತಿತ್ತು. ಕಫ ಕರಗಲಿ ಎಂದು ಹೊಳೆಮ್ಮ ಬಾಗಿಲು ಕಿಟಕಿ ಮುಚ್ಚಿ ಲೋಬಾನ ಹಾಕಿ, ಹೊಗೆಯ ಮೇಲೆ ಕೂಸನ್ನು ಹಿಡಿದಿದ್ದಳು. ಹೆದರಿಕೆಯಲ್ಲಿ ಮನುಷ್ಯರು ತಮಗೆ ಗೊತ್ತಿರುವುದನ್ನೇ ಇನ್ನಷ್ಟು ಜೋರಾಗಿ ಮಾಡುತ್ತಾರೆ. ನಾನು ಬಾಗಿಲು ತೆರೆದು ಕೆಂಡದ ಬಟ್ಟಲನ್ನು ಹೊರಗೆಸೆದು, ಬಾಯಿಗೆ ಬಂದಂತೆ ಬೈದೆ. ಬೆಳಕಿನಲ್ಲಿ ಕೂಸನ್ನು ನೋಡಿದರೆ ಉಸಿರೆಳೆದಾಗಲೆಲ್ಲ ಪಕ್ಕೆಲುಬಿನ ಕೆಳಗೆ ಗುಳಿ ಬೀಳುತ್ತಿತ್ತು, ಮೂಗಿನ ಹೊಳ್ಳೆ ಅಗಲವಾಗುತ್ತಿತ್ತು, ತುಟಿಯ ಸುತ್ತ ಬಣ್ಣ ಕಂದಿತ್ತು. ನಡುನಡುವೆ ಉಸಿರೇ ನಿಂತ ಹಾಗಾಗಿ ಮತ್ತೆ ಶುರುವಾಗುತ್ತಿತ್ತು. ಓಣಿಯ ಹುಲುಗಪ್ಪನ ಆಟೋದಲ್ಲಿ ನಾವು ಮೂವರೂ ಕೂಸನ್ನು ಹಿಡಿದುಕೊಂಡು ಸರಕಾರಿ ಆಸ್ಪತ್ರೆಗೆ ಹೋದೆವು.

ಅಲ್ಲಿದ್ದ ಮಕ್ಕಳ ಡಾಕ್ಟರು ಇನ್ನೂ ಚಿಕ್ಕ ವಯಸ್ಸಿನ ಹೆಣ್ಣುಮಗಳು. ಮಾತಾಡುವ ಮೊದಲು ಕೂಸಿಗೆ ಆಕ್ಸಿಜನ್ ಹಚ್ಚಿಸಿದರು, ಮೂಗಿನೊಳಗಿನ ಗೊಣ್ಣೆಯನ್ನು ನಳಿಕೆಯಿಂದ ಎಳೆಸಿದರು, ಕೈಗೆ ಸಲೈನ್ ಸಿಗಿಸಿದರು. ಆಮೇಲೆ ನಮ್ಮನ್ನು ಕೂಡಿಸಿ ಹೇಳಿದರು.

"ಈಗ ಬರ್ತಿರೋ ಕೂಸುಗಳಲ್ಲಿ ಬಹಳಷ್ಟಕ್ಕೆ ಇದೇ. ಆರ್‌ಎಸ್‌ವಿ ಅಂತ ವೈರಸ್ಸು. ದೊಡ್ಡವರಿಗೆ ಬಂದ್ರೆ ಬರೀ ನೆಗಡಿ, ಹೋಗುತ್ತೆ. ಎರಡು ವರ್ಷ ತುಂಬೋದ್ರೊಳಗೆ ಹೆಚ್ಚುಕಮ್ಮಿ ಎಲ್ಲಾ ಮಕ್ಕಳಿಗೂ ಒಂದ್ಸಲ ಬರುತ್ತೆ, ಬಹಳ ಮಕ್ಕಳಿಗೆ ತಾನಾಗೇ ವಾಸಿಯಾಗುತ್ತೆ. ಇಷ್ಟು ಸಣ್ಣ ಕೂಸಿಗೆ, ಅದೂ ದಿನ ತುಂಬದೆ ಹುಟ್ಟಿದ್ದಕ್ಕೆ ಹಾಗಲ್ಲ. ಎದೆಯೊಳಗೆ ಉಸಿರು ಹೋಗೋ ಸಣ್ಣ ಸಣ್ಣ ದಾರಿಗಳು ಬಾತುಕೊಂಡು ಕಫ ತುಂಬುತ್ತೆ."

"ಇಂಜೆಕ್ಷನ್ ಹಾಕ್ರಿ ಮೇಡಂ, ಎಂಥದ್ದರ ಹಾಕ್ರಿ," ಎಂದಳು ಸುಕನ್ಯಾ.

"ಇದನ್ನ ಕೊಲ್ಲೋ ಔಷಧಿ ಇಲ್ಲಮ್ಮ. ಆ್ಯಂಟಿಬಯಾಟಿಕ್ ಇದಕ್ಕೆ ಕೆಲಸ ಮಾಡಲ್ಲ. ಉಸಿರಾಡೋಕೆ, ಹೊಟ್ಟೆಗೆ ನಾವು ಆಸರೆ ಕೊಡ್ತೀವಿ. ಗೆಲ್ಲೋದು ಕೂಸೇ ಗೆಲ್ಲಬೇಕು." ಆಮೇಲೆ ಕೇಳಿದರು, "ಮನೇಲಿ ಯಾರಿಗೆ ನೆಗಡಿ ಇತ್ತು?"

ಹೊಳೆಮ್ಮ ತರಗತಿಯಲ್ಲಿ ಮಕ್ಕಳು ಎತ್ತುವ ಹಾಗೆ ಕೈ ಎತ್ತಿದಳು. ತಾನು ಎರೆಯುವುದನ್ನು, ಊದುವುದನ್ನು ತಾನೇ ಹೇಳಿದಳು. ಮುಚ್ಚಿಡಲಿಲ್ಲ. ಬಾಯಿ ಹಚ್ಚಿ ಊದುವುದು ಹೇಗೆಂದು ತನ್ನ ಅಂಗೈಯನ್ನೇ ಬಾಯಿಯ ಹತ್ತಿರ ಹಿಡಿದು ಊದಿ ತೋರಿಸಿದಳು ಕೂಡ. ಡಾಕ್ಟರು ಒಂದು ಗಳಿಗೆ ಕಣ್ಣು ಮುಚ್ಚಿಕೊಂಡರು. ಬಯ್ಯಲಿಲ್ಲ.

"ಅಮ್ಮ, ಇನ್ನು ಮೇಲೆ ಯಾವ ಕೂಸಿಗೂ ಹಾಗೆ ಮಾಡಬೇಡಿ. ಆರೋಗ್ಯ ಇದ್ದಾಗಲೂ ಬೇಡ. ಹೊಗೆ ಬೇಡ, ಮೂಗಿಗೆ ಎಣ್ಣೆ ಬೇಡ. ಸೋಪು ಹಚ್ಚಿ ಕೈ ತೊಳೆದು ಮುಟ್ಟಿ. ನೆಗಡಿ ಇದ್ದವರು ಕೂಸಿನ ಹತ್ತಿರ ಹೋಗಲೇಬಾರದು, ಮುತ್ತು ಕೊಡಬಾರದು. ಇಷ್ಟೇ ಮಾಡಿದ್ರೂ ಎಷ್ಟೋ ಕೂಸು ಉಳಿಯುತ್ತೆ."

"ಹೂನ್ರಿ," ಎಂದಳು ಹೊಳೆಮ್ಮ. ಅವಳ ಬಾಯಿಂದ ಅಷ್ಟು ಸಣ್ಣ ದನಿ ನಾನು ಕೇಳಿರಲೇ ಇಲ್ಲ. ಸುಕನ್ಯಾ ತಾಯಿಯ ಮುಖವನ್ನೇ ನೋಡುತ್ತಿದ್ದಳು. ಆಮೇಲೆ ಎದ್ದು ಹೋಗಿ ಕೂಸಿನ ಮಂಚದ ಆ ಬದಿಗೆ, ತಾಯಿಗೆ ಬೆನ್ನು ಹಾಕಿ ಕೂತಳು.

ಅಂದಿನಿಂದ ಹೊಳೆಮ್ಮ ವಾರ್ಡಿನ ಹೊರಗೆ ವರಾಂಡದಲ್ಲಿ ಉಳಿದಳು. ಕೂಸಿನ ಹತ್ತಿರ ಉಳಿಯಲು ಒಬ್ಬರನ್ನು ಮಾತ್ರ ಬಿಡುತ್ತಿದ್ದರು ಎನ್ನುವುದು ನಿಜ. ಆದರೆ ಉಳಿದ ಕೂಸುಗಳ ಮನೆಯವರು ಸರದಿಯ ಮೇಲೆ ಬದಲಾಗುತ್ತಿದ್ದರು, ಸುಕನ್ಯಾ ಬದಲಾಗಲಿಲ್ಲ. ಹಸಿ ಬಾಣಂತಿ, ಸ್ಟೂಲಿನ ಮೇಲೆ ಕೂತೇ ನಿದ್ದೆ ಮಾಡಿದಳು. ರಾಯಣ್ಣ ಶಿಫ್ಟು ಮುಗಿಸಿ ಬಂದು ಹೋಗುತ್ತಿದ್ದ. ಅತ್ತೆಗೆ ಟೀ ತಂದು ಕೊಡುತ್ತಿದ್ದ, ಮಾತಾಡುತ್ತಿರಲಿಲ್ಲ. ಹೊಳೆಮ್ಮ ಒಳಗೆ ಹೋಗಿ ಬರುವವರನ್ನೆಲ್ಲ ಒಂದೇ ಮಾತು ಕೇಳುತ್ತಿದ್ದಳು, "ಕೂಸಿನ ಪಕ್ಕಿ ಇನ್ನ ಒಳಗ ಎಳಕೊಳ್ಳಾಕತ್ತಾವೇನ್ರಿ?"

ಆ ದಿನಗಳಲ್ಲೇ ಗಿರಣಿಯವರ ಕೂಸು ಗುಣವಾಗಿ ಮನೆಗೆ ಬಂತು. ನಾನು ಹೋದೆ. ಸಿಟ್ಟು ತಡೆಯಲಾಗದೆ ಹೋದೆ. ಮರುಳಸಿದ್ದಮ್ಮ ದೇವಸ್ಥಾನಕ್ಕೆ ಹೋಗಿದ್ದರು, ಸುನಿತಾ ಒಬ್ಬಳೇ ಇದ್ದಳು. "ಮೊದಲು ನೆಗಡಿ ಬಂದಿದ್ದು ನಿಮ್ಮ ಮಗಳಿಗೆ. ಹೊಳೆಮ್ಮಗ ಹತ್ತಿದ್ದು ಈ ಮನೆಯಿಂದ. ಓಣಿ ಮುಂದ ಆಕಿನ್ನ ಹಂಗ ಬೈದ್ರಲ್ಲ, ಅದೇ ಓಣಿ ಮುಂದ ಒಂದು ಮಾತು ಹೇಳಾಕ ಆಗಂಗಿಲ್ಲೇನು?" ಎಂದೆ.

ಸುನಿತಾ ಬಾಗಿಲು ಓರೆ ಮಾಡಿದಳು. "ನನಗ ಗೊತ್ತೈತ್ರಿ ಟೀಚರ್. ಡಾಕ್ಟ್ರು ನನಗ ಬಿಡಿಸಿ ಹೇಳ್ಯಾರ, ಶಾಲಿಗೆ ಹೋಗೋ ಮಕ್ಕಳಿಂದನ ಭಾಳ ಬರತೈತಂತ. ಆದ್ರ ಅದನ್ನ ನಮ್ಮ ಅತ್ತಿಗೆ ಹೇಳಿದ್ರ? ಸ್ಫೂರ್ತಿ ಹೆಣ್ಣಾಗಿ ಹುಟ್ಟಿದ್ದಕ್ಕ ಮೊದಲ ಅವರಿಗೆ ಅಕಿನ್ನ ಕಂಡ್ರ ಆಗಂಗಿಲ್ಲ. ತಮ್ಮನ್ನ ತಿನ್ನಾಕ ಬಂದಾಕಿ ಅಂತ ಸಾಯೋತನಕ ಅಂತಾರ. ನನ್ನ ಮಗಳಿಗೆ ನಾಕು ವರ್ಷ ರೀ."

ಒಳಗೆ ಸ್ಫೂರ್ತಿ ತಮ್ಮನ ತೊಟ್ಟಿಲು ತೂಗುತ್ತ ನಾನು ಕಲಿಸಿದ ಪದ್ಯ ಹೇಳುತ್ತಿದ್ದಳು. ನಾನು ಬಾಯಿ ಮುಚ್ಚಿಕೊಂಡು ಬಂದೆ. ಒಬ್ಬ ಹುಡುಗಿಯನ್ನು ಉಳಿಸಲು ಒಬ್ಬ ಮುದುಕಿಯ ಹೆಸರನ್ನು ಓಣಿಯಲ್ಲಿ ಕೆಡಿಸುವ ಮನೆ ಅದು. ಸುನಿತಾಳ ಮೇಲೆ ನನಗೆ ಸಿಟ್ಟಿದೆ. ಅವಳ ಜಾಗದಲ್ಲಿ ನಾನಿದ್ದರೆ ಬೇರೆ ಏನು ಮಾಡುತ್ತಿದ್ದೆ ಎನ್ನುವುದೂ ಗೊತ್ತಿಲ್ಲ. ಆ ಮನೆಗೆ ಆಗಲೇ ಎರೆಯಲು ಬೇರೆ ಹೆಂಗಸು ಬರುತ್ತಿದ್ದಳು. ಅವಳೂ ಊದುವವಳೇ.

ಹೊಳೆಮ್ಮನಿಗೆ ಇದನ್ನು ಹೇಳಿದಾಗ ಅವಳು ದೊಡ್ಡ ಮನಸ್ಸೇನೂ ತೋರಿಸಲಿಲ್ಲ. ಥೂ ಎಂದು ವರಾಂಡದ ಆಚೆ ಉಗುಳಿದಳು. "ಅಕಿಗೂ ಮಗಳದಾಳ, ನನಗೂ ಮಗಳದಾಳ. ಓಣ್ಯಾಗಿನವರು ಏನರ ಅನ್ಲಿ ಟೀಚರ್, ಕೆಲಸ ಹೋದ್ರ ಹೋಗ್ಲಿ. ನನ್ನ ಸುಕನ್ಯಾನ ಮುಂದ ಯಾರರ ಹೇಳ್ರಿ, ಇದು ನನ್ನ ಮೈಯಾಗ ಹುಟ್ಟಿದ್ದಲ್ಲ ಅಂತ. ನಾ ಬೇಕಂತ ಮಾಡ್ಲಿಲ್ಲ ಅಂತ ಹೇಳ್ರಿ. ಕೂಸಿನ್ನ ಒಂದ್ಸಲ ಎತ್ಗೋಳಾಕ ಕೊಡ್ಲಿ, ಸಾಕು."

ನಾನು ಒಳಗೆ ಹೋಗಿ ಹೇಳಿದೆ. ಸ್ಫೂರ್ತಿಯಿಂದ ಶುರುಮಾಡಿ ಎಲ್ಲವನ್ನೂ ಬಿಡಿಸಿ, ಮಕ್ಕಳಿಗೆ ಹೇಳುವ ಹಾಗೆ ಹೇಳಿದೆ. ಸುಕನ್ಯಾ ಕೂಸಿನ ಮೂಗಿಗೆ ಹಚ್ಚಿದ ನಳಿಕೆಯನ್ನೇ ನೋಡುತ್ತ ಕೇಳಿದಳು.

"ಎಲ್ಲಿಂದರ ಬರ್ಲಿ ಬಿಡ್ರಿ ಟೀಚರ್," ಎಂದಳು. "ನನ್ನ ಕೂಸಿನ ಮೂಗಿಗೆ ಬಾಯಿ ಹಚ್ಚಿ ಊದಿದ್ದು ಯಾರು?"

ನಾನು ಎದ್ದು ಹೊರಗೆ ಬಂದೆ.

ಕೂಸು ಗೆದ್ದಿತು. ಒಂದು ಬೆಳಗ್ಗೆ ಆಕ್ಸಿಜನ್ ತೆಗೆದರು, ಅದು ತಾನೇ ಹಾಲು ಎಳೆಯಿತು. ಡಾಕ್ಟರು ನಕ್ಕರು. ಮನೆಗೆ ಕಳಿಸಿದರು. ಈ ಹೊತ್ತಿಗೆ ಹೊಳೆಮ್ಮನ ನೆಗಡಿ ಎಂದೋ ಹೋಗಿತ್ತು. ಮೊಮ್ಮಗಳು ಬರುವಳೆಂದು ಅವಳು ಮನೆ ಸಾರಿಸಿ, ಲೋಬಾನದ ಡಬ್ಬಿಯನ್ನು ಬೀದಿಗೆಸೆದು, ಹೊಸ ಸೋಪು ತಂದಿಟ್ಟಿದ್ದಳು. ಆದರೆ ಸುಕನ್ಯಾ ಮನೆಗೆ ಬಂದದ್ದು ಬಟ್ಟೆ ಕಟ್ಟಿಕೊಳ್ಳಲು. ಐದು ತಿಂಗಳು ತುಂಬದೆ ಚೊಚ್ಚಲ ಬಾಣಂತಿ ತವರು ಬಿಟ್ಟು ಹೋಗುವುದು ನಮ್ಮಲ್ಲಿಲ್ಲ. ರಾಯಣ್ಣನಿಗೂ ಅದು ಇಷ್ಟವಿರಲಿಲ್ಲ, ತಲೆ ತಗ್ಗಿಸಿ ನಿಂತಿದ್ದ. ತೋರಣಗಲ್ಲಿಗೆ ಹೋಗಲು ಹುಲುಗಪ್ಪನ ಆಟೋ ಬಂದಿತ್ತು.

ಹೊಳೆಮ್ಮ ತಡೆಯಲಿಲ್ಲ. ನಲ್ಲಿಗೆ ಹೋಗಿ ಮೊಣಕೈವರೆಗೆ ಸೋಪು ಹಚ್ಚಿ ತೊಳೆದಳು, ಮತ್ತೊಮ್ಮೆ ತೊಳೆದಳು. ಸೆರಗನ್ನು ಮೂಗು ಬಾಯಿಗೆ ಬಿಗಿಯಾಗಿ ಕಟ್ಟಿಕೊಂಡಳು. ಸುಕನ್ಯಾ ಆಟೋ ಹತ್ತಬೇಕಿತ್ತು, ಕೈಯಲ್ಲಿ ಕೂಸು, ಹೆಗಲಲ್ಲಿ ಚೀಲ. ಹೊಳೆಮ್ಮ ಮುಂದೆ ಬಂದು ಎರಡೂ ಕೈ ಚಾಚಿದಳು.

"ತಾ ಯವ್ವಾ. ನೀ ಹತ್ತೋತನಕ ಹಿಡಕೋತೀನಿ."

ಸುಕನ್ಯಾ ಆ ಕೈಗಳನ್ನು ನೋಡಿದಳು. ಆಮೇಲೆ ಪಕ್ಕಕ್ಕೆ ತಿರುಗಿ ಕೂಸನ್ನು ನನ್ನ ಕೈಗೆ ಕೊಟ್ಟಳು.

ನಾನು ಹೆತ್ತವಳಲ್ಲ. ಅಷ್ಟು ಸಣ್ಣ ಕೂಸನ್ನು ಎತ್ತಿ ಅಭ್ಯಾಸವಿಲ್ಲ. ಅದರ ತಲೆ ಹಿಂದಕ್ಕೆ ಜೋತು ಬಿದ್ದಿತು, ನಾನು ಗಾಬರಿಯಾಗಿ ನಿಂತುಬಿಟ್ಟೆ. ಹೊಳೆಮ್ಮನ ಕೈಗಳು ತಾವಾಗಿ ಕೂಸಿನ ಕಡೆಗೆ ಬಂದವು. ಅರ್ಧದಲ್ಲೇ ತಡೆದುಕೊಂಡು ಅವುಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಳು. ಸೆರಗಿನ ಒಳಗಿನಿಂದಲೇ ಹೇಳಿದಳು.

"ಕುತ್ತಿಗಿ ಹಿಡೀರಿ ಟೀಚರ್. ಕೈ ಕೆಳಗ ಕೊಟ್ಟು ಹಿಡೀರಿ. ಹಾಂ, ಹಂಗ."